ಸ್ಪೇನಿನಲ್ಲಿ ಹನ್ನೊಂದು ಮಧ್ಯಾಹ್ನದೂಟ

ಕಳೆದ ಅಕ್ಟೋಬರಿನಲ್ಲಿ ಹದಿನೇಳು ದಿನ ಸ್ಪೇನಿನಲ್ಲಿದ್ದ ನಾವು ಮೂವರು ಊಟದ ವಿಷಯದಲ್ಲಿ ಮೂರು ದಿಕ್ಕು. ನಾನು ಮೀನು, ಮಾಂಸ ಎಲ್ಲವನ್ನೂ ತಿನ್ನುವವನು; ಹೆಂಡತಿ ಸಸ್ಯಾಹಾರಿಯಾದರೂ ಮೊಟ್ಟೆಗೆ ಅಡ್ಡಿಯಿಲ್ಲದವಳು; ಅತ್ತೆಯವರು ಮೊಮ್ಮಕ್ಕಳ ಹುಟ್ಟುಹಬ್ಬದಲ್ಲೂ ಕೇಕು ಮುಟ್ಟದೆ ಬಾಳೆಹಣ್ಣು ತಿಂದು ಏಳುವವರು. ಹೊರಡುವ ಮುನ್ನ ಪೆಟ್ಟಿಗೆಯಲ್ಲಿ ಎರಡು ಕೆ.ಜಿ. ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಹುಣಸೆ ಗೊಜ್ಜಿನ ಡಬ್ಬಿ ಎಲ್ಲವೂ ಸೇರಿದ್ದವು. ಬೆಂಗಳೂರಿಗೆ ಮರಳಿ ಪೆಟ್ಟಿಗೆ ಬಿಚ್ಚಿದಾಗ ಅವಲಕ್ಕಿ ಒಂದೂವರೆ ಕೆ.ಜಿ. ಹಾಗೆಯೇ ಉಳಿದಿತ್ತು. ಅದು ಉಳಿಯಲು ಕಾರಣವಾದ ‘ಮೆನು ದೆಲ್ ದೀಯಾ’ ಎಂಬ ಮಧ್ಯಾಹ್ನದೂಟದ ಏರ್ಪಾಡನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಮ್ಯಾಡ್ರಿಡ್, ಕೊರ್ದೊಬಾ, ಸೆವಿಯಾ, ಗ್ರನಾದಾ ಮತ್ತು ಬಾರ್ಸಿಲೋನಾಗಳಲ್ಲಿ ಒಟ್ಟು ಹನ್ನೊಂದು ಸಲ ಈ ಊಟ ಮಾಡಿದೆವು. ಇದು ಯಾವುದೇ ಒಂದು ಹೋಟೆಲಿನ ವಿಮರ್ಶೆಯಲ್ಲವಾದ್ದರಿಂದ ಹೋಟೆಲುಗಳ ಹೆಸರನ್ನು ಬರೆದಿಲ್ಲ.

ಹೆಸರಿನ ಅರ್ಥ ‘ಈ ದಿನದ ಊಟ’ ಎಂದಷ್ಟೆ. ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವ ಒಂದೇ ಬೆಲೆಗೆ ಪ್ರಿಮೇರೊ ಎಂಬ ಮೊದಲ ತಟ್ಟೆ, ಸೆಗುಂದೊ ಎಂಬ ಎರಡನೆಯ ತಟ್ಟೆ, ಪೋಸ್ತ್ರೆ ಎಂಬ ಸಿಹಿ ಅಥವಾ ಹಣ್ಣು, ಜೊತೆಗೆ ಬ್ರೆಡ್ಡು ಮತ್ತು ಒಂದು ಪಾನೀಯ ಬರುತ್ತವೆ. ಪ್ರತಿ ಸಾಲಿನಲ್ಲೂ ಮೂರು, ನಾಲ್ಕು ಬಗೆ ಇರುತ್ತವೆ, ಒಂದೊಂದನ್ನು ಆರಿಸಿಕೊಳ್ಳಬೇಕು. ಹಲಗೆಯ ಮೇಲೆ ‘ಪೋಸ್ತ್ರೆ ಓ ಕಫೆ’ ಎಂದಿದ್ದರೆ ಸಿಹಿ ಇಲ್ಲವೇ ಕಾಫಿ, ಎರಡರಲ್ಲಿ ಒಂದು ಮಾತ್ರ. ಎರಡನ್ನೂ ತೆಗೆದುಕೊಂಡು ಬಿಲ್ಲಿನಲ್ಲಿ ಬೆರಗಾಗುವ ಹೊಸಬರು ಬಹಳ, ನಾವೂ ಮೊದಲ ದಿನ ಅವರಲ್ಲಿ ಸೇರಿದ್ದೆವು. ನಾವು ಕುಳಿತ ಕಡೆಗಳಲ್ಲಿ ಹಲಗೆಯ ಬೆಲೆ ತಲೆಗೆ 12 ಯೂರೊದಿಂದ 16 ಯೂರೊ ತನಕ ಇತ್ತು. ಯೂರೊಗೆ ಸರಿಸುಮಾರು 100 ರೂಪಾಯಿಯಂತೆ ಲೆಕ್ಕ ಹಾಕಿ ಅತ್ತೆಯವರು ಮೊದಲ ದಿನ ಊಟವನ್ನೇ ಬೇಡವೆಂದರು. ಆದರೆ ಅದೇ ಬೀದಿಯಲ್ಲಿ ಅದೇ ಮೂರು ಪದಾರ್ಥಗಳನ್ನು ಬಿಡಿಬಿಡಿಯಾಗಿ ತರಿಸಿದರೆ ಇದರ ಇಮ್ಮಡಿ ಆಗುತ್ತದೆಂದು ಪಟ್ಟಿ ತೋರಿಸಿದ ಮೇಲೆ ಒಪ್ಪಿಕೊಂಡರು.

ನಮ್ಮ ಊಟದ ಹೋಟೆಲಿನ ‘ಫುಲ್ ಮೀಲ್ಸ್’ ನೆನೆದುಕೊಂಡರೆ ಇದು ಅರ್ಧ ಅರ್ಥವಾದಂತೆ. ಉಳಿದ ಅರ್ಧದಲ್ಲಿ ವ್ಯತ್ಯಾಸ ದೊಡ್ಡದು. ನಮ್ಮಲ್ಲಿ ಎಲೆಯ ಮೇಲೆ ಎಲ್ಲವೂ ಒಟ್ಟಿಗೆ ಬೀಳುತ್ತದೆ, ಬಕೆಟ್ಟು ಹಿಡಿದವನು ಮತ್ತೆ ಮತ್ತೆ ಸುತ್ತುತ್ತಾನೆ. ಅಲ್ಲಿ ಒಂದು ತಟ್ಟೆ ಖಾಲಿಯಾಗುವ ತನಕ ಇನ್ನೊಂದು ಬರುವುದಿಲ್ಲ, ಎರಡನೆಯ ಸಲ ಬಡಿಸುವ ಮಾತಂತೂ ಇಲ್ಲ. ಬ್ರೆಡ್ಡನ್ನು ಮಾತ್ರ ಕೇಳಿದರೆ ಇನ್ನೊಂದಷ್ಟು ತಂದಿಡುತ್ತಾರೆ. ಮೊದಲ ತಟ್ಟೆಯನ್ನು ‘ಸ್ಟಾರ್ಟರ್’ ಎಂದು ತಿಳಿಯಬಾರದು, ಏಕೆಂದರೆ ಬೇಳೆಯೋ ಕಾಳೋ ಆಗಿದ್ದರೆ ಅದೊಂದೇ ಹೊಟ್ಟೆ ತುಂಬಿಸುತ್ತದೆ.

ಈ ಏರ್ಪಾಡು ಪ್ರವಾಸಿಗರಿಗಾಗಿಯೇ ಹುಟ್ಟಿತೆಂಬುದು ಈಗ ಅಲ್ಲಿ ಉಣ್ಣುವವರನ್ನು ನೋಡಿದರೆ ಹೊಳೆಯುವುದಿಲ್ಲ. ಸರ್ವಾಧಿಕಾರಿ ಫ್ರಾಂಕೊ ಆಡಳಿತದಲ್ಲಿ ಮಾಹಿತಿ ಮತ್ತು ಪ್ರವಾಸೋದ್ಯಮ ಸಚಿವರಾಗಿದ್ದ ಮಾನ್ವೆಲ್ ಫ್ರಾಗಾ ಅವರ ಕಾಲದಲ್ಲಿ, 1960ರ ದಶಕದ ಮಧ್ಯದಲ್ಲಿ, ಸಮುದ್ರತೀರಕ್ಕೆ ಬರುತ್ತಿದ್ದ ವಿದೇಶಿಯರಿಗೆ ಗೊತ್ತಾದ ಬೆಲೆಗೆ ಗೊತ್ತಾದ ಊಟ ಸಿಗಲೆಂದು ‘ಮೆನು ತುರೀಸ್ತಿಕೊ’ ಎಂಬ ಪದ್ಧತಿಯನ್ನು ಹೋಟೆಲುಗಳಿಗೆ ವಿಧಿಸಲಾಯಿತು. ಮುಂದೆ ಅದೇ ಮೆನು ದೆಲ್ ದೀಯಾ ಆಗಿ ನಾಡಿನ ದುಡಿಯುವವರ ಊಟವಾಯಿತು. ಮ್ಯಾಡ್ರಿಡ್‌ನಲ್ಲಿ ನಮ್ಮ ಪಕ್ಕದ ಮೇಜಿನಲ್ಲಿ ಕುಳಿತಿದ್ದವರು ಬಣ್ಣದ ಕಲೆಯ ಪ್ಯಾಂಟು ತೊಟ್ಟ ನಾಲ್ವರು ಪೇಂಟರುಗಳು; ಅದರಾಚೆ ಕೊರಳಲ್ಲಿ ಕಚೇರಿಯ ಗುರುತುಚೀಟಿ ತೂಗಾಡಿಸಿಕೊಂಡಿದ್ದ ಇಬ್ಬರು ಹೆಂಗಸರು. ಆದ್ದರಿಂದ ಹೋಟೆಲು ಆರಿಸುವಾಗ ನಾನು ಪಾಲಿಸಿದ ನಿಯಮ ಒಂದೇ: ಹಲಗೆಯ ಮೇಲೆ ಕೈಬರಹ ಇರಬೇಕು, ಒಳಗೆ ಕೆಲಸದ ಬಟ್ಟೆಯವರು ಇರಬೇಕು. ನಾಲ್ಕು ಭಾಷೆಗಳಲ್ಲಿ ಫೋಟೊ ಸಮೇತ ಅಚ್ಚು ಹಾಕಿಸಿದ ಫಲಕವಿದ್ದಲ್ಲಿ ಒಮ್ಮೆ ಮಾತ್ರ ಕುಳಿತೆವು. ಅದರ ಕಥೆ ಮುಂದೆ ಬರುತ್ತದೆ.

ಹೊತ್ತಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮವರು ಎಡವುವುದು ಇಲ್ಲಿಯೇ. ಅಡುಗೆಮನೆ ಊಟಕ್ಕೆ ತೆರೆದುಕೊಳ್ಳುವುದು ಒಂದು, ಒಂದೂವರೆಗೆ. ಜನ ತುಂಬುವುದು ಎರಡರಿಂದ ಮೂರರ ನಡುವೆ. ನಾಲ್ಕಕ್ಕೆ ಮುಚ್ಚಿದರೆ ರಾತ್ರಿ ಎಂಟೂವರೆ, ಒಂಬತ್ತರ ತನಕ ಬಿಸಿ ಅಡುಗೆ ಸಿಗುವುದು ಕಷ್ಟ. ಹನ್ನೆರಡೂವರೆಗೆ ಎಲೆ ಹಾಕುವ ಮನೆಯಿಂದ ಹೋದವರಿಗೆ ಇದು ಶಿಕ್ಷೆಯಂತೆ ಕಾಣುತ್ತದೆ. ಆದರೆ ಗಡಿಯಾರವನ್ನು ಬದಿಗಿಟ್ಟು ಸೂರ್ಯನನ್ನು ನೋಡಿದರೆ ಸ್ಪೇನಿನವರೂ ನಡುಹಗಲಿಗೇ ಉಣ್ಣುತ್ತಾರೆ. ಮ್ಯಾಡ್ರಿಡ್ ಇರುವುದು ಗ್ರೀನಿಚ್‌ಗಿಂತ ಪಶ್ಚಿಮಕ್ಕೆ; ಆದರೂ 1940ರಲ್ಲಿ ಫ್ರಾಂಕೊ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೂಡಿ ಬರ್ಲಿನ್ನಿನ ಹೊತ್ತಿಗೆ ಹೊಂದಿಸಿತು, ಯುದ್ಧ ಮುಗಿದ ಮೇಲೂ ಅದನ್ನು ಹಿಂದಿರುಗಿಸಲಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಇನ್ನೊಂದು ಗಂಟೆ ಸೇರುವುದರಿಂದ ಮ್ಯಾಡ್ರಿಡ್‌ನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವ ಹೊತ್ತಿಗೆ ಕೈಗಡಿಯಾರದಲ್ಲಿ ಎರಡು ಗಂಟೆ ದಾಟಿರುತ್ತದೆ. ಇದನ್ನು ಹೇಳಿದ ದಿನದಿಂದ ಅತ್ತೆಯವರು ತಮ್ಮ ವಾಚನ್ನು ನೋಡುವುದನ್ನು ಬಿಟ್ಟು ನೆರಳನ್ನು ನೋಡತೊಡಗಿದರು. ನಾವು ಕಂಡುಕೊಂಡ ಕ್ರಮ ಹೀಗಿತ್ತು: ಬೆಳಿಗ್ಗೆ ಒಂಬತ್ತಕ್ಕೆ ಟೊಮೇಟೊ ಉಜ್ಜಿದ ಬ್ರೆಡ್ಡು ಮತ್ತು ಹಾಲು ಹಾಕಿದ ಕಾಫಿ, ಹನ್ನೊಂದೂವರೆಗೆ ಹಣ್ಣು, ಒಂದೂವರೆಗೆ ಬಾಗಿಲು ತೆರೆದ ಕೂಡಲೇ ಊಟ. ಮೊದಲ ಪಂಕ್ತಿಯಲ್ಲಿ ಕುಳಿತರೆ ಹಲಗೆಯ ಮೇಲಿನ ಎಲ್ಲವೂ ಇರುತ್ತವೆ, ಬಡಿಸುವವನಿಗೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸುವಷ್ಟು ಪುರಸೊತ್ತೂ ಇರುತ್ತದೆ. ಮೂರು ಗಂಟೆಗೆ ಹೋದ ದಿನ ತರಕಾರಿಯ ಎರಡೂ ಸಾಲುಗಳ ಮೇಲೆ ಅಡ್ಡಗೆರೆ ಬಿದ್ದಿತ್ತು.

ಇನ್ನು ಸಸ್ಯಾಹಾರದ ಪ್ರಶ್ನೆ. ಮ್ಯಾಡ್ರಿಡ್‌ನ ಮೊದಲ ಊಟದಲ್ಲಿ, ಗಾಳಿಗೆ ಹಾರದಂತೆ ಮೇಜಿನ ಅಂಚಿಗೆ ಉಕ್ಕಿನ ಕ್ಲಿಪ್ಪು ಹಾಕಿದ ಕಾಗದದ ಹಾಸಿನ ಮುಂದೆ ಕುಳಿತು, ನಾನು ಕಲಿತಿಟ್ಟುಕೊಂಡಿದ್ದ ‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲದ್ದು, ಎಂಬ ಮಾತನ್ನು ಹೇಳಿದೆ. ಬಡಿಸುವವನು ತಲೆಯಾಡಿಸಿ ಅತ್ತೆಯವರಿಗೆ ಹುರುಳಿಕಾಯಿಯ ತಟ್ಟೆ ತಂದಿಟ್ಟ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿಯೊಂದಿಗೆ ಬಾಡಿಸಿದ ಹಸಿರು ಕಾಯಿಗಳು ಹೊಳೆಯುತ್ತಿದ್ದವು. ಅವರು ಫೋರ್ಕಿನ ತುದಿಯಿಂದ ಒಂದು ಕಾಯನ್ನು ಸರಿಸಿದಾಗ ಕೆಳಗೆ ಉಗುರಿನಷ್ಟು ಅಗಲದ ಗುಲಾಬಿ ಬಣ್ಣದ ಚೂರು ಕಂಡಿತು, ಅದರ ಪಕ್ಕದಲ್ಲಿ ಇನ್ನೊಂದು. ಕರೆದು ತೋರಿಸಿದರೆ ಅವನಿಗೆ ನಿಜಕ್ಕೂ ಆಶ್ಚರ್ಯ: ‘ಕಾರ್ನೆ ಅಲ್ಲ ಸೆನ್ಯೋರಾ, ಹಾಮೋನ್!’ ಅವನು ಸುಳ್ಳು ಹೇಳುತ್ತಿರಲಿಲ್ಲ. ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಹಂದಿಯ ತೊಡೆ ಅವರಿಗೆ ರುಚಿಯ ಸಾಮಗ್ರಿ, ನಮ್ಮ ಒಗ್ಗರಣೆಯ ಸಾಸಿವೆ ಇದ್ದ ಹಾಗೆ. ಕಾರ್ನೆ ಎಂದರೆ ತಟ್ಟೆಯಲ್ಲಿ ತಾನೇ ಮುಖ್ಯವಾಗಿ ಕೂರುವ ಮಾಂಸ. ತಟ್ಟೆಯನ್ನು ಒಳಗೆ ಕೊಂಡೊಯ್ದು ಬೇರೆಯದನ್ನು ತಂದುಕೊಟ್ಟರು, ದುಡ್ಡು ಹೆಚ್ಚು ಹಾಕಲಿಲ್ಲ. ಅತ್ತೆಯವರು ಮಾತ್ರ ಆ ದಿನ ಬ್ರೆಡ್ಡು ಮತ್ತು ಕಿತ್ತಳೆಹಣ್ಣಿನಲ್ಲಿ ಊಟ ಮುಗಿಸಿದರು.

ಅಂದಿನಿಂದ ನಾವು ಹೇಳತೊಡಗಿದ ವಾಕ್ಯ ಇದು, ಹೋಗುವವರು ಬಾಯಿಪಾಠ ಮಾಡಿಕೊಳ್ಳಬಹುದು: ‘ಸೋಯ್ ವೆಹೆತರ್ಯಾನೊ, ನೋ ಕೋಮೊ ಕಾರ್ನೆ, ನಿ ಹಾಮೋನ್, ನಿ ಪೆಸ್ಕಾದೊ, ನಿ ಆತೂನ್.’ ಹೆಂಗಸರು ‘ವೆಹೆತರ್ಯಾನಾ’ ಎನ್ನಬೇಕು. ಪೆಸ್ಕಾದೊ ಎಂದರೆ ಮೀನು, ಆತೂನ್ ಎಂದರೆ ಟ್ಯೂನಾ ಮೀನು. ಮೀನಿನ ಹೆಸರು ಹೇಳಿದ ಮೇಲೂ ಟ್ಯೂನಾವನ್ನು ಬೇರೆಯಾಗಿ ಹೇಳುವುದು ಅತಿಯೆನಿಸಬಹುದು. ಆದರೆ ‘ಮಿಶ್ರ ಸಲಾಡ್’ ಎಂಬ ಸೌಮ್ಯ ಹೆಸರಿನ ತಟ್ಟೆಯ ಮೇಲೆ ಡಬ್ಬಿಯ ಟ್ಯೂನಾ ಹರಡಿಕೊಂಡು ಬರುವುದು ಅಲ್ಲಿ ಮಾಮೂಲು. ಮೊಟ್ಟೆಯೂ ಬೇಡವಾದರೆ ಕೊನೆಗೆ ‘ನಿ ವೇವೊ’ ಸೇರಿಸಬೇಕು. ಸಾರು, ಕಾಳುಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಬೇಕೇ ಬೇಕು: ‘ಯೇವಾ ಕಾಲ್ದೊ ದೆ ಕಾರ್ನೆ?’, ಮಾಂಸ ಬೇಯಿಸಿದ ನೀರು ಇದಕ್ಕೆ ಹಾಕಿದ್ದೀರಾ ಎಂದು. ಲೆಂತೇಹಾಸ್ ಎಂಬ ಮಸೂರದ ಅಡುಗೆ ನೋಡಲು ನಮ್ಮ ಹುಳಿಯಂತೆಯೇ ಇದ್ದರೂ ಸಾಮಾನ್ಯವಾಗಿ ಚೊರೀಸೊ ಎಂಬ ಹಂದಿಮಾಂಸದ ಸಾಸೇಜಿನೊಂದಿಗೇ ಬೆಂದಿರುತ್ತದೆ. ಚೂರುಗಳನ್ನು ಎತ್ತಿಹಾಕಿ ‘ಈಗ ಸರಿ’ ಎಂದು ಕೊಟ್ಟರೆ ನಮ್ಮವರಿಗೆ ಸರಿಹೋಗುವುದಿಲ್ಲ. ಹಲಗೆ ಓದುವವರಿಗೆ ಒಂದು ಸುಳಿವು: ಹಾಮೋನ್ ಎಂಬ ಪದ ಬರಹದಲ್ಲಿ ಜೆ ಅಕ್ಷರದಿಂದ ಶುರುವಾಗುತ್ತದೆ, ವೇವೊ ಎಂಬುದರ ಮೊದಲಿಗೆ ಉಚ್ಚಾರವಿಲ್ಲದ ಎಚ್ ಇರುತ್ತದೆ.

ಹೋಟೆಲುಗಳಲ್ಲಿ ಅಲರ್ಜಿ ಮಾಹಿತಿಯ ಪಟ್ಟಿಯೊಂದು ಇರುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ 14 ಪದಾರ್ಥಗಳ ಬಗ್ಗೆ ಗಿರಾಕಿಗೆ ತಿಳಿಸಬೇಕು. ಮೊಟ್ಟೆ, ಹಾಲು, ಮೀನು, ಸಿಗಡಿ ಜಾತಿಯವು, ಚಿಪ್ಪುಜೀವಿಗಳು ಎಲ್ಲವೂ ಆ ಪಟ್ಟಿಯಲ್ಲಿರುವುದರಿಂದ ಮೊಟ್ಟೆಯ ಚಿತ್ರವಿಲ್ಲದ ಸಾಲನ್ನು ಬೆರಳಿಟ್ಟು ಹುಡುಕುವುದು ಬಹಳ ಸುಲಭವಾಯಿತು. ಆದರೆ ಮಾಂಸ ಆ 14ರಲ್ಲಿ ಇಲ್ಲ. ಆ ಪಟ್ಟಿಯನ್ನೇ ನಂಬಿ ಕುಳಿತರೆ ಮೊಟ್ಟೆಯಿಂದ ಪಾರಾಗಿ ಹಂದಿಗೆ ಸಿಕ್ಕಿಬೀಳುವ ಸಾಧ್ಯತೆ ಉಂಟು.

ಇಷ್ಟು ಎಚ್ಚರ ವಹಿಸಿದ ಮೇಲೆ ಸಿಗುವುದೇನು ಎಂದರೆ, ದಕ್ಷಿಣದ ಆಂದಲೂಸಿಯಾದಲ್ಲಿ ನಿಜವಾಗಿಯೂ ಒಳ್ಳೆಯ ಊಟ. ಸೆವಿಯಾದಲ್ಲಿ ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್ ಎಂದು ಕೇಳಬೇಕು: ಪಾಲಕ್ ಸೊಪ್ಪು, ಕಾಬೂಲಿ ಕಡಲೆ, ಜೀರಿಗೆ, ಬೆಳ್ಳುಳ್ಳಿ, ಕರಿದ ಬ್ರೆಡ್ಡನ್ನು ಅರೆದು ಸೇರಿಸಿದ ಗಟ್ಟಿತನ, ಕೊನೆಗೆ ತುಸು ವಿನಿಗರ್. ಬಾಯಿಗಿಟ್ಟ ಮೊದಲ ತುತ್ತಿನಲ್ಲಿ ಜೀರಿಗೆ ಸಿಕ್ಕಿದಾಗ ಅತ್ತೆಯವರು ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದರು, ಒಳಗೆ ಗುರುತಿನವರು ಯಾರೋ ಇದ್ದಾರೆಂಬಂತೆ. ಕೊರ್ದೊಬಾದ ಸಾಲ್ಮೊರೇಹೊ ಟೊಮೇಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆಗಳನ್ನು ನುಣ್ಣಗೆ ರುಬ್ಬಿದ ತಣ್ಣನೆಯ ಗಟ್ಟಿಸಾರು. ಅದರ ಮೇಲೆ ಬೇಯಿಸಿದ ಮೊಟ್ಟೆ ಮತ್ತು ಹಾಮೋನ್ ಚೂರುಗಳನ್ನು ಬಡಿಸುವಾಗ ಉದುರಿಸುತ್ತಾರೆ, ಮೊದಲೇ ‘ಸಿನ್ ಹಾಮೋನ್ ಇ ಸಿನ್ ವೇವೊ’ ಎಂದರೆ ತೊಂದರೆಯಿಲ್ಲ. ತಣ್ಣನೆಯ ಸಾರೆಂದು ಮೂಗು ಮುರಿದಿದ್ದ ನನ್ನ ಹೆಂಡತಿ ಮರುದಿನ ಅದನ್ನೇ ಹುಡುಕಿಕೊಂಡು ಎರಡು ಬೀದಿ ನಡೆದಳು. ತೆಳ್ಳಗೆ ಹೆಚ್ಚಿ ಕರಿದ ಬದನೆಕಾಯಿಯ ಮೇಲೆ ಕಬ್ಬಿನ ಜೋನಿಬೆಲ್ಲದಂಥದ್ದನ್ನು ಸುರಿದುಕೊಡುವ ತಿಂಡಿ ಕೊರ್ದೊಬಾ, ಗ್ರನಾದಾಗಳಲ್ಲಿ ಸಿಗುತ್ತದೆ. ಅದರ ಹಿಟ್ಟಿಗೆ ಮೊಟ್ಟೆ ಹಾಕಿಲ್ಲವೆಂದು ಕೇಳಿಕೊಂಡರೆ ಸಾಕು. ಬಾರ್ಸಿಲೋನಾದಲ್ಲಿ ಹಲಗೆ ಕತಲಾನ್ ಭಾಷೆಯಲ್ಲಿರುವುದುಂಟು. ಅಲ್ಲಿ ಎಸ್ಕಲಿವಾದಾ ಎಂಬುದು ಕೆಂಡದ ಮೇಲೆ ಸುಟ್ಟು ಸಿಪ್ಪೆ ಸುಲಿದ ಬದನೆ ಮತ್ತು ದಪ್ಪಮೆಣಸಿನಕಾಯಿ, ಒಗ್ಗರಣೆ ಕಾಣದ ನಮ್ಮ ಸುಟ್ಟ ಬದನೆಕಾಯಿ ಗೊಜ್ಜು. ಅದರ ಮೇಲೆ ಕೆಲವೆಡೆ ಉಪ್ಪುಮೀನಿನ ಎಳೆ ಇಡುತ್ತಾರೆ, ಬೇಡವೆನ್ನಬೇಕು.

ಸೆಗುಂದೊ ಸಾಲಿನಲ್ಲಿ ಮಾತ್ರ ಸಸ್ಯಾಹಾರಿಗೆ ಬರಗಾಲ. ಹನ್ನೊಂದು ಊಟಗಳಲ್ಲಿ ಏಳು ಕಡೆ ಅಲ್ಲಿ ಬರೀ ಮೀನು, ಕೋಳಿ, ಹಂದಿ. ಇದ್ದ ಕಡೆ ಬಟಾಟೆ ಹಾಕಿದ ಮೊಟ್ಟೆಯ ತೋರ್ತಿಯಾ. ಇದಕ್ಕೆ ಸೆವಿಯಾದ ಬಡಿಸುವಾಕೆಯೊಬ್ಬಳು ಕಲಿಸಿದ ಪರಿಹಾರ ‘ದೋಸ್ ಪ್ರಿಮೇರೋಸ್’: ಎರಡನೆಯ ತಟ್ಟೆಯ ಬದಲು ಮೊದಲ ಸಾಲಿನಿಂದಲೇ ಎರಡನ್ನು ಕೊಡಿ ಎಂದು ಕೇಳುವುದು. ಆಮೇಲೆ ಕೇಳಿದ ಕಡೆಯೆಲ್ಲ ಅದೇ ಬೆಲೆಗೆ ಒಪ್ಪಿದರು. ಮಾಂಸಾಹಾರಿಯಾದ ನನ್ನ ಅನುಭವ ಬರೆಯುವಷ್ಟು ಕುತೂಹಲದ್ದಲ್ಲ, ಎಲ್ಲೆಡೆ ಸುಖವಾಗಿ ಉಂಡೆ. ಗುರುವಾರ ಮ್ಯಾಡ್ರಿಡ್‌ನ ಹೋಟೆಲುಗಳಲ್ಲಿ ಪಾಯೆಯಾ ಮಾಡುವ ರೂಢಿಯಿದೆ. ದೊಡ್ಡ ಬಾಣಲೆಯಿಂದ ಬಡಿಸುವ ಆ ಅನ್ನ, ಪಾಯೆಯಾದ ತವರಾದ ವಲೆನ್ಸಿಯಾದವರು ಒಪ್ಪುವಂಥದ್ದಲ್ಲವೆಂದು ಅಲ್ಲಿಯವರೇ ನಗುತ್ತಾರೆ.

ಸಿಹಿಯಲ್ಲಿ ಫ್ಲಾನ್, ನಾತಿಯಾಸ್, ಕತಲಾನ್ ಕ್ರೀಮು ಎಲ್ಲದರಲ್ಲೂ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರಿಗೆ ಉಳಿಯುವುದು ಹಣ್ಣು ಮತ್ತು ಅರ್ರೋಸ್ ಕೋನ್ ಲೆಚೆ. ಅದು ಹಾಲಿನಲ್ಲಿ ನಿಧಾನವಾಗಿ ಬೇಯಿಸಿದ ಅಕ್ಕಿ, ಸಕ್ಕರೆ, ನಿಂಬೆಸಿಪ್ಪೆ, ಮೇಲೆ ಚಕ್ಕೆಪುಡಿ. ಫ್ರಿಜ್ಜಿನಿಂದ ತೆಗೆದು ಮಣ್ಣಿನ ಬಟ್ಟಲಲ್ಲಿ ತಣ್ಣಗೆ ಕೊಡುತ್ತಾರೆ. ‘ಅಳಿಯಂದಿರೇ, ಇದು ನಮ್ಮ ಪಾಯಸವೇ. ಏಲಕ್ಕಿ ಸಿಕ್ಕಿಲ್ಲ, ಬಿಸಿ ಮಾಡೋದು ಮರೆತಿದ್ದಾರೆ ಅಷ್ಟೆ’ ಎಂದು ಅತ್ತೆಯವರು ತೀರ್ಪು ಕೊಟ್ಟರು. ಸಕ್ಕರೆಗೆ ಅವರು ಹೇಳುವ ‘ಅಸೂಕರ್’ ಎಂಬ ಮಾತೂ ಅರಬ್ಬಿಯ ಮೂಲಕ ನಮ್ಮ ಶರ್ಕರದಿಂದಲೇ ಹೋದದ್ದೆಂದು ಹೇಳಿದಾಗ ಇನ್ನೊಂದು ಬಟ್ಟಲು ತರಿಸಿದರು. ಪೇಸ್ಟ್ರಿಗಳ ಬಗ್ಗೆ ಎಚ್ಚರ ಬೇಕು, ಸಾಂಪ್ರದಾಯಿಕವಾದ ಹಲವಕ್ಕೆ ‘ಮಾಂತೇಕಾ’ ಎಂಬ ಹಂದಿಯ ಕೊಬ್ಬನ್ನು ಹಾಕುತ್ತಾರೆ.

ಪಾನೀಯವೆಂದರೆ ವೈನ್, ಬಿಯರ್, ಸೋಡಾ ಅಥವಾ ಬಾಟಲಿ ನೀರು, ಬೆಲೆಯೊಳಗೇ ಸೇರಿರುತ್ತದೆ. ಅದರ ಮೇಲೆ ನೀರು ಬೇಕೆನಿಸಿದರೆ ‘ಆಗ್ವಾ ದೆಲ್ ಗ್ರೀಫೊ’, ಅಂದರೆ ನಲ್ಲಿ ನೀರು, ಎಂದು ಸಂಕೋಚವಿಲ್ಲದೆ ಕೇಳಬಹುದು. 2022ರ ತ್ಯಾಜ್ಯ ಕಾಯಿದೆಯಂತೆ ಹೋಟೆಲುಗಳು ಅದನ್ನು ಉಚಿತವಾಗಿ ಕೊಡಬೇಕು. ಮ್ಯಾಡ್ರಿಡ್‌ನ ನಲ್ಲಿ ನೀರು ಬಹಳ ರುಚಿ. ಬಾರ್ಸಿಲೋನಾದ್ದು ನಮ್ಮ ಬೋರ್‌ವೆಲ್ಲನ್ನು ನೆನಪಿಸಿತು. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟು ಬಂದರೆ ಸಾಕು. ಬಿಲ್ಲನ್ನು ಕೇಳದೆ ತರುವುದಿಲ್ಲ. ಊಟವಾದ ಮೇಲೆ ಹರಟುತ್ತ ಕೂರುವುದಕ್ಕೆ ‘ಸೋಬ್ರೆಮೇಸಾ’ ಎಂಬ ಪದವೇ ಇರುವ ನಾಡಿನಲ್ಲಿ ಕೇಳದೆ ಬಿಲ್ಲು ಇಡುವುದು ಎಬ್ಬಿಸಿದ ಹಾಗೆ. ‘ಲಾ ಕ್ವೆಂತಾ, ಪೋರ್ ಫಾವೋರ್’ ಎಂದ ಮೇಲೂ ಹತ್ತು ನಿಮಿಷ ಹಿಡಿಯುತ್ತದೆ. ರೈಲು ಹಿಡಿಯಬೇಕಾದ ದಿನ ಈ ಊಟಕ್ಕೆ ಕೂರಲೇಬಾರದು.

ಇನ್ನು ಆ ಫೋಟೊ ಫಲಕದ ಹೋಟೆಲು. ಒಂದು ಊರಿನ ದೊಡ್ಡ ಚರ್ಚಿನ ಎದುರಿನ ಚೌಕದಲ್ಲಿ, ಹೊರಗೆ ಬಿಸಿಲಿಗೆ ಹಾಕಿದ್ದ ಮೇಜಿನಲ್ಲಿ ಕುಳಿತೆವು. ಬ್ರೆಡ್ಡು ಹಿಂದಿನ ದಿನದ್ದು, ತರಕಾರಿ ಡಬ್ಬಿಯದು, ಪಾನೀಯ ಬೆಲೆಯಲ್ಲಿ ಸೇರಿಲ್ಲವೆಂಬುದು ಬಿಲ್ಲು ಬಂದಾಗ ತಿಳಿಯಿತು. ಅದರ ಮೇಲೆ ‘ಸುಪ್ಲೆಮೆಂತೊ ತೆರ್ರಾಸಾ’, ಹೊರಗೆ ಕುಳಿತದ್ದಕ್ಕೆ ಹೆಚ್ಚುವರಿ. ಫಲಕದ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತಾದ್ದರಿಂದ ಜಗಳವಾಡಲು ದಾರಿಯಿರಲಿಲ್ಲ. 14 ಯೂರೊ ಎಂದು ಕುಳಿತವರು ತಲೆಗೆ 20ರ ಹತ್ತಿರ ಕೊಟ್ಟು ಎದ್ದೆವು. ಕೂರುವ ಮುನ್ನ ‘ಬೆಬಿದಾ ಇನ್‌ಕ್ಲೂಯಿದಾ?’, ಪಾನೀಯ ಸೇರಿದೆಯೇ, ಎಂದು ಕೇಳುವುದನ್ನು ಅಲ್ಲಿಂದ ರೂಢಿಸಿಕೊಂಡೆವು. ಇದಲ್ಲದೆ ನನ್ನ ಇನ್ನೆರಡು ದೂರುಗಳಿವೆ. ಉಪ್ಪು ಎಲ್ಲೆಡೆ ಮುಂದಿದ್ದು ಖಾರ ಎಲ್ಲೂ ಇಲ್ಲ, ಹಾಗಾಗಿ ಚಟ್ನಿಪುಡಿಯ ಪೊಟ್ಟಣ ಹೆಂಡತಿಯ ಕೈಚೀಲವನ್ನು ಬಿಡಲೇ ಇಲ್ಲ. ಎರಡು ತಟ್ಟೆ, ಬ್ರೆಡ್ಡು, ಸಿಹಿ ಮುಗಿಸಿ ಮೂರು ಗಂಟೆಗೆ ಎದ್ದವರಿಗೆ ಆಲ್‌ಹಾಂಬ್ರಾ ಕೋಟೆಯ ಏರು ಹತ್ತುವುದು ಸುಲಭವಲ್ಲ, ಆದ್ದರಿಂದ ನಡಿಗೆಯ ನೋಟಗಳನ್ನೆಲ್ಲ ಬೆಳಗಿಗೆ ಇಟ್ಟುಕೊಳ್ಳಬೇಕು. ಒಂದು ಲಾಭವೆಂದರೆ ರಾತ್ರಿಯೂಟ ಬೇಡವೇ ಬೇಡ. ಎಂಟಕ್ಕೆ ಕೋಣೆಯಲ್ಲಿ ಮೊಸರು, ದ್ರಾಕ್ಷಿ, ಒಂದು ಚೂರು ಬ್ರೆಡ್ಡು ನಮಗೆ ಸಾಕಾಗುತ್ತಿತ್ತು.

ನನ್ನ ಅಂಕ: ಎಲ್ಲವನ್ನೂ ತಿನ್ನುವವರಿಗೆ ಐದಕ್ಕೆ ನಾಲ್ಕೂವರೆ, ಮೊಟ್ಟೆ ತಿನ್ನುವ ಸಸ್ಯಾಹಾರಿಗೆ ಮೂರೂವರೆ. ಅತ್ತೆಯವರು ತಮ್ಮ ಪಾಲಿಗೆ ಸೆವಿಯಾಕ್ಕೆ ನಾಲ್ಕು, ಮ್ಯಾಡ್ರಿಡ್‌ಗೆ ಎರಡು ಎಂದು ಊರುವಾರು ಹಂಚಿದ್ದಾರೆ. ಈ ಊಟ ಮುಖ್ಯವಾಗಿ ಕೆಲಸದ ದಿನಗಳದ್ದು. ಶನಿವಾರ, ಭಾನುವಾರ ಹಲವು ಕಡೆ ಹಲಗೆ ಒಳಗೆ ಹೋಗಿರುತ್ತದೆ, ಇಲ್ಲವೇ ಬೆಲೆ ಏರಿರುತ್ತದೆ. ನಾವು ಅರ್ಧ ಕೆ.ಜಿ. ಅವಲಕ್ಕಿ ಕರಗಿಸಿದ್ದು ಆ ದಿನಗಳಲ್ಲಿ.